ತೂಬಿನ ಒಳದಾರಿ

“ಏನೇ ಅದು, ಎಮ್ಮೆ ಮೈ ತೊಳೀತಿದ್ದೀಯೇನೇ? ಊರಿನ ಕೆರೆ ಹೊಲಸು ಮಾಡ್ತೀಯಲ್ಲೇ!”

ಏರಿಯ ಮೇಲೆ ಕೊಡೆ ಹಿಡಿದು ಬರುತ್ತಿದ್ದ ಓವರ್‌ಸಿಯರ್ ದೂರದಿಂದಲೇ ಕೂಗಿದ. ಪುಟ್ಟಸಿದ್ದಮ್ಮ ತಿರುಗಿ ನೋಡಲಿಲ್ಲ. ನೋಡುವ ಹಾಗಿರಲಿಲ್ಲ. ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ ಎರಡು ಸುತ್ತು ಬಿದ್ದಿತ್ತು, ಇನ್ನೊಂದು ತುದಿ ನೀರಿನೊಳಗಿತ್ತು. ಏರಿಯ ಕಲ್ಲಿನ ಸಂದಿಗೆ ಹಿಮ್ಮಡಿ ಕೊಟ್ಟು, ಮೈಯನ್ನು ಹಿಂದಕ್ಕೆ ವಾಲಿಸಿ ನಿಂತಿದ್ದಳು. ಕಣ್ಣು ನೀರಿನ ಮೇಲಿದ್ದರೂ ಅವಳು ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಅಂಗೈಯಿಂದ. ಹಗ್ಗ ಒಮ್ಮೆ ಜಗ್ಗಿದರೆ ಇನ್ನಷ್ಟು ಬಿಡಬೇಕು. ಎರಡು ಸಲ ಜಗ್ಗಿದರೆ ಎಳೆಯಬೇಕು. ಜಗ್ಗದೆ ಸುಮ್ಮನೆ ನಡುಗಿದರೆ ಕೇಳದೆ ಕೊಳ್ಳದೆ ಎಳೆಯಬೇಕು.

“ಎಮ್ಮೆಯಲ್ಲ ಸ್ವಾಮಿ,” ಎಂದ ಪಟೇಲ ಮಹದೇವಪ್ಪ. “ಗಂಡ. ಗಂಡನ್ನ ಕಟ್ಟಾಕಿ ಮುಳುಗುಸ್ತಾವ್ಳೆ. ನಮ್ಮೂರಲ್ಲಿ ಇಂಥ ಪುಣ್ಯವಂತೆ ಇವ್ಳೊಬ್ಬಳೇ.”

ಪಟೇಲನ ಹಿಂದೆ ಬಂದಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಹಗ್ಗ ಎರಡು ಸಲ ಜಗ್ಗಿತು. ಪುಟ್ಟಸಿದ್ದಮ್ಮ ಕೈ ಮುಂದೆ ಕೈ ಹಾಕಿ ಎಳೆದಳು. ಮರಿಯಯ್ಯ ತೂಬಿನ ಕಲ್ಲುಕಂಬದ ಬುಡದಲ್ಲಿ ತಲೆ ಎತ್ತಿದ. ಅವನ ಕೈಯಲ್ಲಿ ತೂಬಿನ ಬಾಯಿಗೆ ಬಡಿಯುವ ಮರದ ಬೆಣೆ ಇತ್ತು, ಮೂಗಿನಲ್ಲಿ ರಕ್ತವಿತ್ತು. ಏರಿಯ ಆಚೆ ಕಾಲುವೆಯಲ್ಲಿ ನೀರು ಗುಳುಗುಳು ಎನ್ನತೊಡಗಿತು. ಗದ್ದೆಯವರು ನಗುವುದು ಬಿಟ್ಟು ಗುದ್ದಲಿ ಎತ್ತಿಕೊಂಡು ಆ ಕಡೆ ಹೋದರು.

ಅರಳಿಕೊಪ್ಪಲಿನ ದೊಡ್ಡಕೆರೆಗೆ ಮರಿಯಯ್ಯನ ಮನೆಯವರೇ ಗದ್ದೆಗೆ ನೀರು ಬಿಡುವ ನೀರಗಂಟಿಗಳು. ತೂಬಿಗಿಳಿಯುವವನ ಹಗ್ಗವನ್ನು ಅವನ ಮನೆಯವರೇ ಹಿಡಿಯಬೇಕು ಎನ್ನುವುದು ಊರಿನ ಕಟ್ಟಳೆ. ಹೊಲಗೇರಿಯವನ ಸೊಂಟದ ಹಗ್ಗ ಮುಟ್ಟಿದರೆ ಮೇಲಿನ ಕೇರಿಯವರಿಗೆ ಮೈಲಿಗೆ. ಗಂಡಸರಿಗೆ ಕಾಲುವೆಯ ಕೆಲಸ ಇರುತ್ತಿದ್ದುದರಿಂದ ಹಗ್ಗ ಹೆಂಗಸರ ಪಾಲಿಗೆ ಬಂದಿತ್ತು. ಪುಟ್ಟಸಿದ್ದಮ್ಮ ಸೊಸೆಯಾಗಿ ಬಂದ ಮೂರನೆಯ ದಿನ ಅತ್ತೆ ಅವಳನ್ನು ಏರಿಗೆ ಕರೆತಂದು, “ಇಲ್ಲಿಗಂಟ ನಾನು ಇಡ್ಕಂಡಿದ್ದೆ, ಇನ್ನು ನಿಂದು” ಎಂದು ಹಗ್ಗ ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋಗಿದ್ದಳು. ಅದಾಗಿ ಇಪ್ಪತ್ತೆರಡು ವರ್ಷ.

ಓವರ್‌ಸಿಯರ್ ಎಡತೊರೆಯಿಂದ ಬಂದವನು. ಕಲ್ಲುಕಂಬಗಳನ್ನು ಸುತ್ತಿ ನೋಡಿ, ಪಟೇಲನಿಗೆ ಹೇಳಿದ: “ಇದನ್ನೆಲ್ಲ ತೆಗೆಸಿಬಿಡ್ತೀವಿ. ಏರಿಯಲ್ಲೇ ಕಬ್ಬಿಣದ ಬಾಗಿಲು ಕೂರಿಸ್ತೀವಿ. ಮೇಲೊಂದು ಚಕ್ರ. ತಿರುಗಿಸಿದರೆ ನೀರು ಬರುತ್ತೆ, ತಿರುಗಿಸಿದರೆ ನಿಲ್ಲುತ್ತೆ. ಇನ್ನು ಯಾರೂ ಮುಳುಗಬೇಕಾಗಿಲ್ಲ.”

ಒದ್ದೆ ಹಗ್ಗ ಸುತ್ತುತ್ತಿದ್ದ ಪುಟ್ಟಸಿದ್ದಮ್ಮನ ಕೈ ಅಲ್ಲೇ ನಿಂತಿತು.

*

ಬಿಸಿಲು ಕಾದ ಬಂಡೆಯ ಮೇಲೆ ಮರಿಯಯ್ಯ ಅಂಗಾತ ಮಲಗಿದ್ದ. ನೀರಿನಿಂದೆದ್ದ ದಿನ ಅವನಿಗೆ ಎಷ್ಟು ಬಿಸಿಲಾದರೂ ಸಾಲದು. ಅವಳು ರಾಗಿ ರೊಟ್ಟಿ ಮುರಿದು ಕೈಗಿಟ್ಟಳು.

“ಚಕ್ರ ಕಲ್ತ್ಕಂಡ್ರೆ ಏರಿ ಮ್ಯಾಲೆ ನಿಂತ್ಕಂಡೇ ನೀರು ಬುಡಬೋದಂತೆ ಕಣಮ್ಮಿ,” ಎಂದ. “ಪಂಚೆ ಅಂಚು ಕೂಡ ನೆನೆಯಾಕಿಲ್ವಂತೆ.”

“ನಿನ್ ಮಕ ಒಣಗಿರಾದ್ನ ನೋಡಿದ್ರೆ ನಂಗೆ ಗುರ್ತೇ ಸಿಕ್ಕಾಕಿಲ್ಲ ಬುಡು.”

ಅವನು ನಕ್ಕ. ನಕ್ಕಾಗ ಕೆಮ್ಮು ಬಂತು. ಎಡಗಿವಿ ಕೇಳಿಸುವುದು ನಿಂತು ಆಗಲೇ ಎರಡು ವರ್ಷವಾಗಿತ್ತು. ಅವಳು ಬಲಗಡೆಯೇ ಕುಳಿತು ಮಾತಾಡುತ್ತಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಪುಟ್ಟಸಿದ್ದಮ್ಮ ತೂಬಿನ ಒಳಗನ್ನು ಒಮ್ಮೆಯೂ ಕಂಡಿರಲಿಲ್ಲ. ಆದರೂ ಅವಳಿಗೆ ಗೊತ್ತಿಲ್ಲದ ಕಲ್ಲು ಅಲ್ಲಿರಲಿಲ್ಲ. ಬೇರೆ ಗಂಡಸರು ಸಂತೆಗೆ ಹೋಗಿ ಬಂದು ಹೆಂಡತಿಗೆ ಸಂತೆಯ ಕಥೆ ಹೇಳುವ ಹಾಗೆ ಅವನು ನೀರಿನೊಳಗಿನ ಕಥೆ ಹೇಳುತ್ತಿದ್ದ. ಮೂರನೆಯ ಮೆಟ್ಟಿಲು ಜಾರುತ್ತದೆ, ಅಲ್ಲಿ ಕಾಲೂರಬಾರದು. ಬಲಗೈಯನ್ನು ಗೋಡೆ ಬಿಡದೆ ಇಳಿಸಿದರೆ ಒಂದು ಒಡೆದ ಕಲ್ಲು ಸಿಗುತ್ತದೆ, ಅದರ ಕೆಳಗೆ ತಣ್ಣನೆಯ ನೀರು. ತಣ್ಣೀರು ತಾಗಿತೆಂದರೆ ತೂಬಿನ ಬಾಯಿ ಒಂದು ಮೊಳ. ಆಗ ಎದೆಯನ್ನು ಬಾಯಿಗೆ ಎದುರಾಗಿ ಕೊಡಬಾರದು, ಪಕ್ಕೆ ಕೊಡಬೇಕು. ಕೆಳಗಿನಿಂದ ಗುಂಯ್ ಎನ್ನುವ ಸದ್ದು ಬಂದರೆ ಬೆಣೆ ಬಿಟ್ಟು ಮೇಲೇಳಬೇಕು. ಅವನಪ್ಪ ಅವನಿಗೆ ಹೇಳಿಕೊಟ್ಟದ್ದು, ಅವನು ತನ್ನ ಮೈಯಿಂದ ಕಲಿತದ್ದು, ಎಲ್ಲ ಅವಳೊಳಗೆ ಬಂದು ಕುಳಿತಿತ್ತು. ಅವರಿಗೆ ಮಕ್ಕಳಾಗಿರಲಿಲ್ಲ. ಅದಕ್ಕೇ ಅವಳಿಗೆ ಹೇಳುತ್ತಿದ್ದನೋ ಏನೋ.

“ಸಾಲಿಗ್ರಾಮದಲ್ಲಿ ಕಲಿಸ್ತಾರಂತೆ, ಅದಿನೈದು ದಿವ್ಸ,” ಎಂದ. “ನೀನೂ ಬಾ. ನಂಗೆ ಕಿವಿ ಕೇಳಾಕಿಲ್ಲ. ನೀ ಕೇಳಿ ಯೋಳು.”

*

ಕಲಿಸುವುದು ಸಾಲಿಗ್ರಾಮದ ಒಂದು ಛತ್ರದಲ್ಲಿ. ಎರಡು ಹೋಬಳಿಯಿಂದ ಹದಿನೆಂಟು ಜನ ಬಂದಿದ್ದರು. ಪಟೇಲರ ಮನೆಯವರು, ಶಾನುಭೋಗರ ಕಡೆಯವರು. ಅರಳಿಕೊಪ್ಪಲಿನಿಂದ ಪಟೇಲನ ತಂಗಿಯ ಮಗ ಕಂಠಪ್ಪ ಬಂದಿದ್ದ. ಅವರಲ್ಲಿ ಒಬ್ಬನೂ ಕೆರೆಯ ನೀರಿಗೆ ಮಂಡಿಯ ಮೇಲೆ ಇಳಿದವನಲ್ಲ.

ಮರಿಯಯ್ಯ, ಪುಟ್ಟಸಿದ್ದಮ್ಮ ಇಬ್ಬರೂ ಕೋಳಿ ಕೂಗುವ ಮೊದಲೇ ಎದ್ದು ನಡೆದು ಬಂದಿದ್ದರು. ಛತ್ರದ ಪಾರುಪತ್ತೇಗಾರ ಮೆಟ್ಟಿಲ ಮೇಲಿಂದಲೇ ಕೈ ಬೀಸಿದ.

“ಅಲ್ಲೇ ನಿಲ್ರೋ. ಎಲ್ಲಿಗೆ ನುಗ್ತೀರಿ?”

“ತೂಬಿನ ಪಾಠಕ್ಕೆ ಬುದ್ಧಿ. ನಾನು ಅರಳಿಕೊಪ್ಪಲ ನೀರಗಂಟಿ.”

“ಬ್ರಾಹ್ಮಣರು ಊಟ ಮಾಡೋ ಜಾಗದಲ್ಲಿ ನಿನಗೆ ಪಾಠ ಬೇಕೇನೋ? ಆ ಬೇಲಿ ಆಚೆ ಹೋಗು. ಅಲ್ಲಿಂದ ಕೇಳಿಸಿದರೆ ಕೇಳಿಸ್ಕೋ.”

ಬೇಲಿಯ ಆಚೆ ರಸ್ತೆ. ಗಾಡಿ ಹೋದಾಗಲೆಲ್ಲ ಮಾತು ಧೂಳಿನಲ್ಲಿ ಮುಚ್ಚಿಹೋಗುತ್ತಿತ್ತು. ಓವರ್‌ಸಿಯರ್ ಕಪ್ಪು ಹಲಗೆಯ ಮೇಲೆ ಬಾಗಿಲು, ತಿರುಪು, ಚಕ್ರ ಬರೆದು ಹೇಳುತ್ತಿದ್ದ. ಪುಟ್ಟಸಿದ್ದಮ್ಮ ಕಳ್ಳಿಯ ಸಂದಿಯಲ್ಲಿ ಕಿವಿಯಿಟ್ಟು, ಕೇಳಿದ್ದನ್ನು ಗಂಡನ ಬಲಗಿವಿಗೆ ಹೇಳುತ್ತಿದ್ದಳು. ಚಕ್ರ ಕಚ್ಚಿಕೊಂಡರೆ ಎಣ್ಣೆ ಬಿಡಬೇಕಂತೆ. ಸಡಿಲವಾದ ಕೂಡಲೆ ನಿಲ್ಲಿಸದೆ ಹತ್ತು ಸುತ್ತು ತಿರುಗಿಸಬೇಕಂತೆ. ನಿಲ್ಲಿಸಿದರೆ ತಿರುಪು ಮತ್ತೆ ಕಚ್ಚುತ್ತದಂತೆ.

ಮರಿಯಯ್ಯ ಎದ್ದು ನಿಂತು ಬೇಲಿಯ ಮೇಲಿಂದ ಕೂಗಿದ.

“ಬುದ್ಧೀ! ಬಾಕ್ಲ ಬುಡಕ್ಕೆ ಕೆಸ್ರು ಕುಂತ್ರೆ? ಮರಗಿರ ತೇಲ್ಬಂದು ಸಿಕ್ಕಾಕಂಡ್ರೆ? ಕೆಳಕ್ಕೆ ಯಾರಾರ ಇಳೀಬೇಕಾಯ್ತದಲ್ಲಾ?”

ಜಗಲಿಯ ಹದಿನೆಂಟು ತಲೆಗಳೂ ತಿರುಗಿದವು. ಕಂಠಪ್ಪ ಕಿಸಕ್ಕನೆ ನಕ್ಕ. “ಮುಳುಗಿ ಮುಳುಗಿ ಇವ್ನಿಗೆ ಅದೇ ಚಟ ಆಗೋಗದೆ ಸ್ವಾಮಿ.”

“ಸೀಮೆಯಿಂದ ಬಂದ ಬಾಗಿಲು ಕಣಯ್ಯ ಅದು,” ಎಂದ ಓವರ್‌ಸಿಯರ್. “ನಿನ್ನ ಹಾಗೆ ಕೆಸರಲ್ಲಿ ಹೊರಳಾಡೋದಲ್ಲ. ಕೂತ್ಕೋ.”

ಮೂರನೆಯ ದಿನ, ಚಕ್ರ ತಿರುಗಿಸಲು ಆರಿಸಿದವರ ಹೆಸರು ಕೂಗಿದರು. ಮರಿಯಯ್ಯನ ಹೆಸರು ಬರಲಿಲ್ಲ. ಸಂಜೆ ಓವರ್‌ಸಿಯರ್ ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದಾಗ ಇಬ್ಬರೂ ಕೈ ಮುಗಿದು ಅಡ್ಡ ನಿಂತರು. ಅವನು ಕೆಟ್ಟವನಲ್ಲ. ನಿಂತು ಮಾತಾಡಿದ.

“ನೋಡಯ್ಯ, ಕೆಲಸ ಬಲ್ಲ ಜನವೇ ಸಿಗೋಲ್ಲ ಅಂತ ನಾನೇ ಮೇಲಕ್ಕೆ ಬರೆದಿದ್ದೀನಿ. ಅದಕ್ಕೇ ಈ ತರಬೇತಿ. ಆದರೆ ನಿಮ್ಮ ಪಟೇಲರು ಒಪ್ಪೋದಿಲ್ಲ. ಚಕ್ರ ಇರೋದು ಗಂಗಮ್ಮನ ಕಲ್ಲಿನ ಪಕ್ಕದಲ್ಲೇ ಅಲ್ಲವೇ? ಅದಕ್ಕೆ ಪೂಜೆ ಆಗುತ್ತೆ. ನೀನು ಮುಟ್ಟಿದರೆ ಆಗುತ್ಯೇ?”

“ನೀರೊಳಗೆ ಮುಟ್ಟಿದ್ರೆ ಆಯ್ತದೆ, ಮ್ಯಾಲೆ ಮುಟ್ಟಿದ್ರೆ ಆಗಾಕಿಲ್ವಾ ಬುದ್ಧಿ?”

ಈ ಮಾತನ್ನು ಆಡಿದ್ದು ಪುಟ್ಟಸಿದ್ದಮ್ಮ. ತಾನು ಆಡಿದೆನೆಂದು ಅವಳಿಗೇ ಆಮೇಲೆ ತಿಳಿಯಿತು. ಓವರ್‌ಸಿಯರ್ ಅವಳ ಮುಖ ನೋಡಿ ಸೈಕಲ್ ಹತ್ತಿದ.

ಊರಿನ ದಾರಿಯಲ್ಲಿ ಮರಿಯಯ್ಯ ಭೇರ್ಯದ ಕಡೆ ತಿರುಗುವ ಹುಣಿಸೆಮರದವರೆಗೂ ಮುಂದೆ ಮುಂದೆ ನಡೆದ. ಅಲ್ಲಿ ನಿಂತು, “ಪಂಚೆ ಒಣಗಿರಾದು ನಮ್ಮ ಅಣೇಲಿ ಬರ್ದಿಲ್ಲ ಕಣ್ ಬಾ,” ಎಂದ. ನಗಿಸಲು ಹೇಳಿದ ಮಾತು. ಅವಳಿಗೆ ನಗು ಬರಲಿಲ್ಲ.

*

ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಕಬ್ಬಿಣದ ಬಾಗಿಲು ಬಂತು. ಹಳೆಯ ಕಲ್ಲುಕಂಬ ಬಿತ್ತು. ಕೆಳಗಿನ ಮೆಟ್ಟಿಲು, ಗೋಡೆ ಹಾಗೇ ಉಳಿದವು. ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದರು. ಕಂಠಪ್ಪ ಮಡಿಪಂಚೆ ಉಟ್ಟು ತಿರುಗಿಸಿದ. ನೀರಗಂಟಿಯ ಹೆಸರಿನ ಜಾಗದಲ್ಲಿ ಅವನ ಹೆಸರು ಬಿತ್ತು. ತೂಬಿನ ಚಾಕರಿಗೆಂದು ಮರಿಯಯ್ಯನ ಮನೆಗೆ ಮಾನ್ಯವಾಗಿ ಬಂದಿದ್ದ ತುಂಡು ಗದ್ದೆಯನ್ನು ಮಾತ್ರ ಪಟೇಲ ಸದ್ಯಕ್ಕೆ ಬಿಟ್ಟುಕೊಟ್ಟ. ಏಕೆಂದರೆ ಮಳೆ ಬಿದ್ದ ಮೊದಲ ತಿಂಗಳಲ್ಲೇ ಬಾಗಿಲ ಬುಡಕ್ಕೆ ಕೆಸರು ಕುಳಿತು, ಕಂಠಪ್ಪ ಹೊಲಗೇರಿಯ ಬೇಲಿಯ ಹತ್ತಿರ ಬಂದು ನಿಂತಿದ್ದ.

“ಮರಿಯಯ್ಯ, ಒಂದೀಟು ಇಳ್ದು ನೋಡ್ಲಾ. ನಂಗೆ ಈಜೂ ಬರಾಕಿಲ್ಲ.”

ಮರಿಯಯ್ಯ ಇಳಿದ. ಮತ್ತೆ ಇಳಿದ. ಪುಟ್ಟಸಿದ್ದಮ್ಮ ಹಗ್ಗ ಹಿಡಿದಳು.

ಕಾರ್ತಿಕ ಮಾಸ. ಭತ್ತ ಹೊಡೆ ತುಂಬುವ ಹೊತ್ತು, ಎರಡು ದಿನ ನೀರು ತಪ್ಪಿದರೆ ಜಳ್ಳು. ಆ ಬೆಳಿಗ್ಗೆ ಚಕ್ರ ಒಂದು ಗೇಣೂ ಅಲುಗಲಿಲ್ಲ. ಏರಿಯ ಮೇಲೆ ಒಂಬತ್ತು ಜನ ಗದ್ದೆಯವರು ಸೇರಿದ್ದರು. ಪಟೇಲನೂ ಇದ್ದ. ಮರಿಯಯ್ಯ ಎರಡು ಸಲ ಮುಳುಗಿ ಎದ್ದು, “ಮರದ ಬೊಡ್ಡೆ ಸಿಕ್ಕಾಕಂಡದೆ. ಚಕ್ರ ಮುಟ್ಬೇಡಿ, ನಾನು ಎದ್ಮೇಲೆ ತಿರುಗ್ಸಿ,” ಎಂದು ಕೂಗಿ ಮೂರನೆಯ ಸಲ ಮುಳುಗಿದ.

ಅವನು ಹೇಳಿದ್ದನ್ನು ಎಲ್ಲರೂ ಕೇಳಿದರು. ಕಂಠಪ್ಪನೂ ಕೇಳಿದ. ಆದರೆ ಅವನ ಕೈಯೆರಡೂ ಚಕ್ರದ ಮೇಲಿದ್ದವು. ಕೆಳಗೆ ಬೊಡ್ಡೆ ಜರುಗಿದ ಕೂಡಲೇ ಚಕ್ರ ತಟಕ್ಕನೆ ಸಡಿಲವಾಯಿತು. ಸಡಿಲವಾದ ಚಕ್ರವನ್ನು ಕಂಠಪ್ಪ ಹದಿನೈದು ದಿನ ಕಲಿತ ಹಾಗೆ, ನಿಲ್ಲಿಸದೆ ತಿರುಗಿಸಿದ. ಒಂದು, ಎರಡು, ಮೂರು.

ಪುಟ್ಟಸಿದ್ದಮ್ಮನ ಅಂಗೈಯಲ್ಲಿ ಹಗ್ಗ ಜಗ್ಗಲಿಲ್ಲ. ಓಡಿತು. ಚರ್ಮ ಸುಲಿದುಕೊಂಡು ಓಡಿತು. ಸೊಂಟದ ಸುತ್ತು ಬಿಗಿದು ಅವಳನ್ನು ಮುಗ್ಗರಿಸಿ ಕೆಡವಿ, ಏರಿಯ ಕಲ್ಲುಗಳ ಮೇಲೆ ನೀರಿನತ್ತ ಎಳೆಯಿತು.

“ಮುಚ್ಚೋ! ಬಾಕ್ಲು ಮುಚ್ಚೋ ಬೋಳಿಮಗ್ನೇ! ಇಡ್ಕಳ್ರಪ್ಪೋ, ಅಗ್ಗ ಇಡ್ಕಳಿ, ನಿಮ್ ದಮ್ಮಯ್ಯ!”

ಹತ್ತಿರದಲ್ಲಿದ್ದವನು ಒಂದು ಹೆಜ್ಜೆ ಇಟ್ಟ. ಅವನ ಕೈ ಮುಂದೆ ಬಂದದ್ದನ್ನು ಪುಟ್ಟಸಿದ್ದಮ್ಮ ಕಂಡಳು. “ಏಯ್, ಎಲ್ಲಿಗ್ಲಾ?” ಎಂದಿತು ಪಟೇಲನ ದನಿ. ಜೋರಾಗೇನೂ ಇರಲಿಲ್ಲ. ಆ ಕೈ ಹಿಂದೆ ಹೋಯಿತು. ಒಂಬತ್ತು ಜನರ ಹದಿನೆಂಟು ಕೈ ಏರಿಯ ಮೇಲೆ ಸುಮ್ಮನೆ ಇದ್ದವು. ಕಂಠಪ್ಪ ಬೆದರಿ, ಚಕ್ರ ಬಿಟ್ಟು, ಮತ್ತೆ ಹಿಡಿದು, ಹಿಂದಕ್ಕೆ ತಿರುಗಿಸತೊಡಗಿದ. ಮೂರು, ಎರಡು, ಒಂದು.

ನೀರು ನಿಂತಿತು. ಹಗ್ಗವೂ ನಿಂತಿತು.

ಕೇರಿಯವರು ಓಡಿ ಬಂದು ಕಾಲುವೆಯ ಕಡೆಯ ಬಾಯಿಂದ ಮರಿಯಯ್ಯನನ್ನು ಹೊರಗೆ ತೆಗೆದಾಗ ಬಿಸಿಲು ಏರಿತ್ತು. ಆ ಬಿಸಿಲಿಗೆ ಅವನನ್ನು ಬಂಡೆಯ ಮೇಲೆ ಮಲಗಿಸಿದರು. ಪುಟ್ಟಸಿದ್ದಮ್ಮ ಸುಲಿದ ಕೈಯಲ್ಲಿ ಅವನ ಮುಖ ಒರೆಸಿದಳು. ಎಷ್ಟು ಒರೆಸಿದರೂ ಅದು ಒಣಗಲಿಲ್ಲ.

ಮಧ್ಯಾಹ್ನ ಚಕ್ರಕ್ಕೆ ನೀರು ಚಿಮುಕಿಸಿ ಶುದ್ಧಿ ಮಾಡಿ, ಗದ್ದೆಗೆ ನೀರು ಬಿಟ್ಟರು.

*

ಐದನೆಯ ದಿನ ಕಂಠಪ್ಪ ಕೇರಿಯ ಬೇಲಿಯ ಆಚೆ ನಿಂತು ಅತ್ತ. “ಕೆಳಗೆ ಆಳು ಇರ್ತಾನೆ ಅಂತ ಪಾಠದಲ್ಲಿ ಯಾರೂ ಯೋಳ್ಕೊಡ್ಲಿಲ್ಲ ಕಣವ್ವ,” ಎಂದ. ಅವಳು ಅವನನ್ನು ನೋಡಿದಳು. ಸುಳ್ಳಲ್ಲ. ಹೇಳಬಲ್ಲವನು ಬೇಲಿಯ ಆಚೆ ನಿಂತು ಕೇಳಿದ್ದ. ಅವನಿಗೆ ಕೂತ್ಕೋ ಎಂದಿದ್ದರು.

ಹನ್ನೊಂದನೆಯ ದಿನ ಓವರ್‌ಸಿಯರ್ ಕಾಗದ ತಂದ. ಮರಿಯಯ್ಯ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಇಳಿದು ಸತ್ತನೆಂದು ಅದರಲ್ಲಿತ್ತು. ಪುಟ್ಟಸಿದ್ದಮ್ಮನ ಹೆಬ್ಬೆಟ್ಟಿನ ಚರ್ಮ ಸುಲಿದಿದ್ದರಿಂದ ಗುರುತು ಸರಿಯಾಗಿ ಬೀಳಲಿಲ್ಲ. ಎರಡು ಸಲ ಒತ್ತಿಸಿಕೊಂಡರು. ಒತ್ತದೆ ಏನು ಮಾಡುವುದು? ಪಟೇಲ ಮಾನ್ಯದ ಗದ್ದೆಯ ಮಾತು ತೆಗೆದಿದ್ದ.

“ಗದ್ದೆ ನೀನೇ ಉಣ್ಕೊಂಡಿರು, ಯಾರು ಬ್ಯಾಡಾಂತಾರೆ,” ಎಂದ. “ಆದ್ರೆ ಬಾಕ್ಲು ತಿರ್ಗ ಕಚ್ಕಂಡ್ರೆ ಇಳಿಯೋರು ಬೇಕಲ್ಲ. ನಿನ್ ಗಂಡ ನಿನ್ನ ತಾವ ಎಲ್ಲಾ ಯೋಳ್ತಿದ್ನಂತೆ. ಕೇರೀಲಿ ನಾಕು ಜನಕ್ಕೆ ಕಲ್ಸು.”

ಓವರ್‌ಸಿಯರ್ ತನ್ನ ಪುಸ್ತಕ ತೆರೆದ. “ಇದನ್ನೂ ತರಬೇತಿ ಅಂತಲೇ ಬರೀತೀನಿ. ನೀನು ಆಗುತ್ತೆ ಅಂದವರ ಹೆಸರು ದಾಖಲಾಗುತ್ತೆ. ಆಗೋಲ್ಲ ಅಂದವರದು ಬಿಟ್ಟುಬಿಡ್ತೀನಿ. ನಿನ್ನ ಮಾತೇ ಕೊನೆ. ಆಯಿತೇನಮ್ಮ?”

ಅಮ್ಮ ಎಂದದ್ದು ಅದೇ ಮೊದಲು. ಅವಳು ತಲೆಯಾಡಿಸಿದಳು.

*

ನಾಲ್ವರು ಬಂದರು. ಚಿಕ್ಕಮಾದಯ್ಯ, ಲಿಂಗಯ್ಯ, ನಿಂಗರಾಜು. ನಾಲ್ಕನೆಯವನು ಮರಿಯಯ್ಯನ ತಮ್ಮ ಅಂಕಯ್ಯ. ಕಚ್ಚೆ ಬಿಗಿದು, ಚಳಿಗೆ ತೋಳು ತಬ್ಬಿಕೊಂಡು ಮೆಟ್ಟಿಲ ಮೇಲೆ ನಿಂತರು. ತಮ್ಮ ಹೆಸರು ಸರ್ಕಾರದ ಪುಸ್ತಕದಲ್ಲಿ ಬರುತ್ತದೆ ಎಂಬ ಬಿಗುಮಾನ ಅವರ ಬೆನ್ನಿನಲ್ಲಿ ಕಾಣುತ್ತಿತ್ತು. ಕೇರಿಯ ಹೆಂಗಸರು ನೋಡಲು ಬಂದಿದ್ದರು. ಓವರ್‌ಸಿಯರ್ ಹೊಂಗೆಮರದ ನೆರಳಿನಲ್ಲಿ ಪಟೇಲನೊಡನೆ ಮಾತಾಡುತ್ತ ಕುಳಿತಿದ್ದ.

ಚಿಕ್ಕಮಾದಯ್ಯ ಮುಳುಗಿ ಎದ್ದು ಕೆಮ್ಮಿದ. ಲಿಂಗಯ್ಯ ಕಣ್ಣು ಕಿಸಿದು ಮೇಲೆ ಬಂದ. ನಿಂಗರಾಜು ಎರಡನೆಯ ಮೆಟ್ಟಿಲಿಗೇ ಹಿಂದಿರುಗಿದ. “ಲೇ, ನೀ ಮುಳುಗಿದ್ಯೋ, ಮಕ ತೊಳ್ಕಂಡ್ಯೋ?” ಎಂದು ಹೆಂಗಸರು ಗೇಲಿ ಮಾಡಿದರು.

ಅಂಕಯ್ಯ ನೀರು ಕದಡದೆ ಇಳಿದ. ಅವನು ಹೋದ ಜಾಗದಲ್ಲಿ ನೀರು ಮುಚ್ಚಿಕೊಂಡು ನುಣ್ಣಗಾಯಿತು. ಹೆಂಗಸರ ನಗು ನಿಂತಿತು. ಪುಟ್ಟಸಿದ್ದಮ್ಮ ನೋಡುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಅವನು ಹೋದಷ್ಟೇ ಮೆತ್ತಗೆ ಎದ್ದು, ಮುಷ್ಟಿ ಬಿಡಿಸಿ ತೋರಿಸಿದ. ತಳದ ಕರಿ ಮಣ್ಣು.

“ಅತ್ಗೆ, ಬಾಯಿ ತಾವ್ಕೇ ಓಗಿದ್ದೆ ಕಣತ್ಗೆ! ಒಡ್ದಿರ ಕಲ್ಲು ಸಿಕ್ತು. ಅದ್ರ ಕೆಳಗೆ ತಣ್ಣಗದೆ. ಅಲ್ಲಿಂದ ಮುಂದಕ್ಕೆ ಎಂಗೆ? ಯೋಳ್ಕೊಡು.”

ಅಣ್ಣನದೇ ಎದೆ. ಅಣ್ಣನದೇ ಉಸಿರು. ಹೇಳಿದರೆ ಇವನು ಒಂದೇ ವಾರದಲ್ಲಿ ಕಲಿಯುತ್ತಾನೆ. ಮರಿಯಯ್ಯ ಇದ್ದಿದ್ದರೆ ತಮ್ಮನ ಬೆನ್ನು ತಟ್ಟುತ್ತಿದ್ದ. ನಾಲ್ಕು ತಲೆಮಾರಿನ ವಿದ್ಯೆ, ಅವರ ಮನೆಗೆ ಇದ್ದ ಆಸ್ತಿ ಅದೊಂದೇ. ಅದು ಅವಳ ಬಾಯಲ್ಲಿ ತುಂಬಿ ನಿಂತಿತ್ತು.

“ನಾಳೆ,” ಎಂದಳು. “ಮೈ ಒರೆಸ್ಕೊ ಓಗು.”

ಅಂಕಯ್ಯನ ಹೆಂಡತಿ ಚಿಕ್ಕಬಸಮ್ಮ ಪಂಚೆ ಹಿಡಿದು ಕಾಯುತ್ತಿದ್ದಳು. ಬಸುರಿ, ಆರು ತಿಂಗಳು. ಗಂಡನ ಕೈಗೆ ಪಂಚೆ ಕೊಟ್ಟು ಪುಟ್ಟಸಿದ್ದಮ್ಮನ ಪಕ್ಕಕ್ಕೆ ಬಂದು ನಿಂತಳು. ಓರಗಿತ್ತಿಯ ಅಂಗೈಯ ಹೊಸ ಚರ್ಮವನ್ನು ಕದ್ದು ನೋಡಿದಳು.

“ಅಕ್ಕಾ, ಇನ್ನು ಅಗ್ಗ ನಾನೇ ಇಡೀಬೇಕಂತೆ. ಕಷ್ಟವಾ?”

“ಏನಿಲ್ಲ.”

“ಕೈ ಜಾರಿದ್ರೆ?”

“ಚಳಿ ಗಾಳಿ ಬೀಸ್ತದೆ, ಸೆರಗು ಒದ್ಕೊ,” ಎಂದಳು ಪುಟ್ಟಸಿದ್ದಮ್ಮ.

ಹೊಂಗೆಮರದ ಕಡೆಯಿಂದ ಓವರ್‌ಸಿಯರ್ ಕೂಗಿದ: “ಏನಮ್ಮ, ಯಾರಿಗೆ ಆಗುತ್ತೆ? ಹೇಳು, ಬರ್ಕೋತೀನಿ.”

“ನಾಳೆ ಬೆಳಗ್ಗೆ ಯೋಳ್ತೀನಿ ಬುದ್ಧಿ.”

ಜನ ಕರಗಿದರು. ಅವಳು ಒಬ್ಬಳೇ ಮೆಟ್ಟಿಲ ಮೇಲೆ ಕುಳಿತು, ಬಿದ್ದಿದ್ದ ಸೊಪ್ಪು ಸದೆ ಎಳೆದು ಹಾಕುತ್ತ, ಯಾರ ಹೆಸರೂ ಪುಸ್ತಕಕ್ಕೆ ಬೀಳದ ಹಾಗೆ ಏನು ಹೇಳಬಹುದೆಂದು ಒಬ್ಬೊಬ್ಬರನ್ನಾಗಿ ನೆನೆದಳು. ನಿಂಗರಾಜುವಿಗೆ ನೀರೆಂದರೆ ಹೆದರಿಕೆ, ಅದನ್ನು ಎಲ್ಲರೂ ಕಂಡಿದ್ದಾರೆ. ಚಿಕ್ಕಮಾದಯ್ಯನಿಗೆ ಕೆಮ್ಮು ಎಂದರೆ ಸಾಕು. ಲಿಂಗಯ್ಯನಿಗೆ ಕಿವಿ ಸೋರುತ್ತದೆ ಎನ್ನಬಹುದು, ಯಾರು ಬಗ್ಗಿ ನೋಡುತ್ತಾರೆ?

ಅಂಕಯ್ಯನಿಗೆ ಯಾವ ಕುಂದೂ ಸಿಗಲಿಲ್ಲ. ಮುಂಗೈಯಿಂದ ಕಣ್ಣು ಒತ್ತಿಕೊಂಡು ಮತ್ತೆ ಹುಡುಕಿದಳು. ಸಣ್ಣ ಕುಂದು ಸಾಲದು. ಸಣ್ಣದಾದರೆ ಕಳಿಸಿಯೇ ಕಳಿಸುತ್ತಾರೆ. ಇವನಿಗೆ ಮೂರ್ಛೆ ರೋಗ, ನೀರು ಕಂಡರೆ ಬರುತ್ತದೆ, ಮನೆಯವರು ಮುಚ್ಚಿಟ್ಟಿದ್ದೆವು ಎನ್ನಬೇಕು. ಊರಿಗೆಲ್ಲ ಕೇಳುವ ಹಾಗೆ ಹೇಳಬೇಕು. ಅವನು ಮತ್ತೆ ಅವಳ ಹಟ್ಟಿಯ ಮೆಟ್ಟಿಲು ತುಳಿಯುವುದಿಲ್ಲ. ಹುಟ್ಟುವ ಕೂಸಿಗೂ ಆ ಮಾತು ಅಂಟುತ್ತದೆ. ಕಲಿಸದವಳಿಗೆ ಗದ್ದೆಯೂ ಇರುವುದಿಲ್ಲ.

ಕೆರೆಯ ಮೇಲೆ ಗಾಳಿ ಎದ್ದಿತ್ತು. ಪುಟ್ಟಸಿದ್ದಮ್ಮ ಆ ಮಾತನ್ನು ತುಟಿ ಅಲುಗಿಸದೆ ಎರಡು ಸಲ ಹೇಳಿ ನೋಡಿಕೊಂಡಳು. ಎರಡನೆಯ ಸಲ ಎಲ್ಲೂ ತಡವರಿಸಲಿಲ್ಲ. ಎದ್ದು, ಸೀರೆಗೆ ಅಂಟಿದ ಕೆಸರು ಕೊಡವಿ, ಕೇರಿಯ ಕಡೆ ನಡೆದಳು. ದಾರಿಯಲ್ಲಿ ಅಂಕಯ್ಯ ಎದುರಾಗಿ, “ನಾಳೆ ಬೇಗ ಬತ್ತೀನಿ ಅತ್ಗೆ,” ಎಂದ.

“ಬಾ,” ಎಂದಳು.